ಹಳ್ಳದಾಚೆಯ ಒಂದು ಮತ

ಐವತ್ತೆಂಟು ವರ್ಷವಾಗುವವರೆಗೂ ಎಲ್ಡನ್ ಪಿಂಗೆಲ್‌ನ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ. ಅದರಲ್ಲಿ ಊರಿನವರ ತಪ್ಪೇನೂ ಇಲ್ಲ. ಕೇಳಿದರೆ ಅವನು ಏನು ಹೇಳುತ್ತಾನೆಂಬುದು ವೆಂಜೆಲ್ ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು. "ಹೌದಲ್ವಾ," ಎನ್ನುತ್ತಿದ್ದ. ಮಳೆ ಬರುತ್ತೆ ಅಂದವರಿಗೂ ಹೌದಲ್ವಾ, ಬರೋಲ್ಲ ಅಂದವರಿಗೂ ಹೌದಲ್ವಾ. ಇಂಥ ಮನುಷ್ಯನಿಗೆ ಶತ್ರುಗಳಿರುವುದಿಲ್ಲ. ಎಲ್ಡನ್‌ಗೂ ಇರಲಿಲ್ಲ, ಆ ಶುಕ್ರವಾರದ ತನಕ.

ಶುಕ್ರವಾರ ಸಂಜೆ ಊರೆಲ್ಲ ಹೆಂಡದಂಗಡಿಯಲ್ಲಿ ಸೇರಿ ಹುರಿದ ಮೀನು ತಿನ್ನುವುದು ವಾಡಿಕೆ. ದೇಶದ ಸಂಸತ್ತಿನ ಚುನಾವಣೆಗೆ ಇನ್ನು ಮೂವತ್ತೆರಡು ದಿನ ಇತ್ತು. ವಿಸ್ಕಾನ್ಸಿನ್ ರಾಜ್ಯದ ಎಂಟು ಕ್ಷೇತ್ರಗಳಿಗೂ ಹೊಸ ನಕ್ಷೆ ಬಂದಿತ್ತು. ಊರಿನ ಗುಮಾಸ್ತೆ ಬರ್ನಡೀನ್ ಕೊಪೆಸ್ಕಿ ಅದನ್ನು ಮೀನಿನ ತಟ್ಟೆಗಳ ನಡುವೆ ಹರಡಿ ಬೆರಳಿಟ್ಟು ತೋರಿಸುತ್ತಿದ್ದಳು. ಎಪ್ಪತ್ತೊಂದು ವರ್ಷದ ಆಕೆ ಮೂವತ್ತು ವರ್ಷದಿಂದ ಊರಿನ ಚುನಾವಣೆಗಳನ್ನು ನಡೆಸಿದವಳು. ನಕ್ಷೆ ಹಾಗಿರಲಿ, ಮೀನಿನ ಪಟ್ಟಿಯನ್ನು ಓದಿದರೂ ತೀರ್ಪು ಓದಿದ ಹಾಗೆ ಕೇಳುತ್ತಿತ್ತು.

"ನಾವು ಪೂರ್ವದ ಕ್ಷೇತ್ರ," ಎಂದಳು. "ಮುಂಚೆ ಹೇಗೋ ಹಾಗೇ."

ಎಲ್ಲರೂ ಒಟ್ಟಿಗೆ ನಿಟ್ಟುಸಿರಿಟ್ಟರು. ಪೂರ್ವದ ಕ್ಷೇತ್ರದಲ್ಲಿ ಆನೆ ಗುರುತಿನ ಪಕ್ಷದವರು ನಿದ್ದೆ ಮಾಡುತ್ತಲೇ ಗೆಲ್ಲುತ್ತಿದ್ದರು. ಎದುರಾಳಿ ಕತ್ತೆ ಗುರುತಿನ ಪಕ್ಷದವರು ಮತ ಹಾಕಿಯೂ ಪ್ರಯೋಜನವಿರಲಿಲ್ಲ, ಆನೆಯವರು ಹಾಕುವ ಅಗತ್ಯವೇ ಇರಲಿಲ್ಲ. ನಿಜವಾದ ಕಾಳಗವೆಲ್ಲ ಪಕ್ಕದ ಪಶ್ಚಿಮ ಕ್ಷೇತ್ರದಲ್ಲಿ. ಅಲ್ಲಿ ಆನೆಯ ವೇಡ್ ಲಿಂಡ್‌ಕ್ವಿಸ್ಟ್‌ಗೂ ಕತ್ತೆಯ ಕಾರ್ಲಾ ಬ್ರಾಂಡ್‌ವೋಲ್‌ಗೂ ಕೂದಲೆಳೆಯ ಪೈಪೋಟಿ ಎಂದು ಟಿವಿಯವರು ದಿನವೂ ಕಿರುಚುತ್ತಿದ್ದರು. ವೆಂಜೆಲ್‌ನ ಜನ ಅದನ್ನು ಪಕ್ಕದ ಬೀದಿಯ ಮದುವೆ ಊಟದ ವಾಸನೆ ಹಿಡಿದಂತೆ ನೋಡುತ್ತ ಕೂತಿರಬೇಕಾಗಿತ್ತು.

ಎಲ್ಡನ್ ಕುತ್ತಿಗೆ ಚಾಚಿ ನಕ್ಷೆ ನೋಡಿದ. ಗೆರೆ ಹಳ್ಳದ ಜೊತೆಗೇ ಬಳುಕುತ್ತ ಹೋಗಿತ್ತು. ಊರೆಲ್ಲ ಹಳ್ಳದ ಈಚೆಗೆ. ಆಚೆಗೆ ಒಂದೇ ಒಂದು ಚುಕ್ಕೆ.

"ಬರ್ನಡೀನ್, ಇದು ನಮ್ಮನೆ ಅಲ್ವಾ?"

ಆಕೆ ಕನ್ನಡಕ ಮೇಲೇರಿಸಿ ನೋಡಿದಳು. "ಹೂಂ. ನೀನು ಪಶ್ಚಿಮಕ್ಕೆ ಬಿದ್ದಿದ್ದೀಯ."

ಮುಂದೆ ನಡೆದದ್ದಕ್ಕೆಲ್ಲ ಎರಡು ಲೋಟ ಬ್ರಾಂಡಿ ಕಾರಣವೋ, ಐವತ್ತೆಂಟು ವರ್ಷದ ಮೌನ ಕಾರಣವೋ ಹೇಳುವುದು ಕಷ್ಟ. ಎಲ್ಡನ್ ಎದ್ದು ನಿಂತು, ಎದೆಯುಬ್ಬಿಸಿ, "ಹಾಗಾದ್ರೆ ಈ ಊರಲ್ಲಿ ಲೆಕ್ಕಕ್ಕೆ ಬರೋ ಮತ ನಂದೊಂದೇ!" ಎಂದು ಘೋಷಿಸಿದ.

ಹತ್ತು ನಿಮಿಷ ಅವನು ಅರಸನಾಗಿದ್ದ. ಜನ ಚಪ್ಪಾಳೆ ತಟ್ಟಿದರು. ಮೂರನೇ ಲೋಟ ತಾನಾಗಿ ಬಂತು. ಯಾರೋ ಅವನ ತಟ್ಟೆಗೆ ತಮ್ಮ ಮೀನು ಹಾಕಿದರು.

ಹನ್ನೊಂದನೇ ನಿಮಿಷಕ್ಕೆ ಬರ್ನಡೀನ್ ನಕ್ಷೆ ಮಡಿಸುತ್ತ, "ಒಂದು ತೊಂದರೆ ಇದೆ," ಎಂದಳು. "ಒಂದು ಕ್ಷೇತ್ರದ ಮತವನ್ನ ಇನ್ನೊಂದರ ಜೊತೆ ಸೇರಿಸಿ ಎಣಿಸೋ ಹಾಗಿಲ್ಲ. ನಿನ್ನ ವಾರ್ಡಿನ ಲೆಕ್ಕ ಬೇರೆ ಬರುತ್ತೆ. ಎಣಿಸಿದ ಮೇಲೆ ಅದನ್ನ ಸಭಾಭವನದ ಬಾಗಿಲಿಗೆ ಅಂಟಿಸಬೇಕು. ಅದು ಕಾನೂನು."

"ಅಂಟಿಸಿ," ಎಂದ ಎಲ್ಡನ್, ಇನ್ನೂ ಅರಸನ ಗತ್ತಿನಲ್ಲೇ.

"ನಿನ್ನ ವಾರ್ಡಲ್ಲಿ ಮತದಾರರು ಒಬ್ಬರೇ ಎಲ್ಡನ್."

ಅರ್ಥವಾಗಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಉಳಿದವರಿಗೆ ಬೇಕಾಗಲಿಲ್ಲ.

ಬಲಗಡೆಯ ಮೇಜಿನಿಂದ ಅವನ ಅಕ್ಕ ಲವೋನ್ ನಗುತ್ತ ನೋಡಿದಳು. ಆಕೆ ಇಡೀ ಕೌಂಟಿಯ, ಅಂದರೆ ಜಿಲ್ಲೆಯ, ಆನೆ ಪಕ್ಷದ ಅಧ್ಯಕ್ಷೆ. ಎಲ್ಡನ್ ವಾಸವಿದ್ದದ್ದು ಅವ್ವನ ಮನೆಯಲ್ಲಾದರೂ ಅದು ಇದ್ದದ್ದು ಲವೋನ್ ಹೆಸರಿನಲ್ಲಿ. ಎಡಗಡೆಯಿಂದ ಡ್ವೇನ್ ಯಬ್ಲಾನ್ಸ್ಕಿ ನಗುತ್ತ ನೋಡಿದ. ಅವನು ಕತ್ತೆ ಪಕ್ಷದ ಕಟ್ಟಾಳು. ಎಲ್ಡನ್ ದುಡಿಯುವ ಚೀಸ್ ಕಾರ್ಖಾನೆಯಲ್ಲಿ ಮೇಸ್ತ್ರಿ, ಬೌಲಿಂಗ್ ತಂಡದಲ್ಲಿ ನಾಯಕ. ಚೆಂಡನ್ನು ನೆಟ್ಟಗೆ ಉರುಳಿಸಲು ಬಾರದ ಎಲ್ಡನ್‌ನನ್ನು ಹತ್ತೊಂಬತ್ತು ವರ್ಷದಿಂದ ತಂಡದಲ್ಲಿ ಇಟ್ಟುಕೊಂಡ ಪುಣ್ಯಾತ್ಮ.

"ನಮಗೇನು ಚಿಂತೆ?" ಎಂದಳು ಲವೋನ್ ಅಂಗಡಿಗೆಲ್ಲ ಕೇಳುವಂತೆ. "ನನ್ನ ತಮ್ಮ ಹುಟ್ಟಿದಾಗಿಂದ ನಮ್ಮವನು."

"ನಮಗೂ ಚಿಂತೆ ಇಲ್ಲ," ಎಂದ ಡ್ವೇನ್ ಇನ್ನೂ ಗಟ್ಟಿಯಾಗಿ. "ಎಲ್ಡನ್ ಯಾವತ್ತೂ ನಮ್ಮವನೇ. ಅಲ್ವೇನೋ?"

ಎಲ್ಡನ್ ಬಾಯಿ ತೆರೆದ. ಅದು ಅಭ್ಯಾಸಬಲದಿಂದ ಇಬ್ಬರಿಗೂ ಸೇರಿಸಿ, "ಹೌದಲ್ವಾ," ಎಂದಿತು.

ನಿಜ ಸಂಗತಿ ಅವನೊಬ್ಬನಿಗೇ ಗೊತ್ತಿತ್ತು. ಎಲ್ಡನ್ ಎರಡು ವರ್ಷಕ್ಕೊಮ್ಮೆ ತಪ್ಪದೆ ಮತ ಹಾಕುತ್ತಿದ್ದ. ಒಂದು ಸಲ ಆನೆಗೆ, ಮುಂದಿನ ಸಲ ಕತ್ತೆಗೆ. ಯಾರಿಗೂ ಮೋಸವಾಗಬಾರದೆಂದು ಸರದಿ ಹಿಡಿದಿದ್ದ. ಈಗ ನೋಡಿದರೆ ಈ ಸಲ ಯಾರ ಸರದಿ ಎಂಬುದೇ ಅವನಿಗೆ ಮರೆತುಹೋಗಿತ್ತು.

ಶನಿವಾರ ಬೆಳಿಗ್ಗೆ ಲವೋನ್ ಅವನ ಅಂಗಳದಲ್ಲಿ ಲಿಂಡ್‌ಕ್ವಿಸ್ಟ್‌ನ ಬೋರ್ಡು ನೆಟ್ಟಳು. ಮಧ್ಯಾಹ್ನ ಡ್ವೇನ್ ಬಂದು ಅದರ ಪಕ್ಕದಲ್ಲೇ ಬ್ರಾಂಡ್‌ವೋಲ್‌ಳ ಬೋರ್ಡು ನೆಟ್ಟ. ಭಾನುವಾರ ಲವೋನ್‌ದು ಎರಡಾಯಿತು, ಸಂಜೆಗೆ ಡ್ವೇನ್‌ದು ಮೂರು. ವಾರ ಕಳೆಯುವುದರೊಳಗೆ ಎಲ್ಡನ್ ತನ್ನ ಅಂಚೆ ಡಬ್ಬಿಗೆ ಹೋಗಬೇಕಾದರೆ ಎರಡು ಸೈನ್ಯಗಳ ನಡುವೆ ಅಡ್ಡಡ್ಡ ನಡೆಯಬೇಕಾಯಿತು.

ಅದೇ ಭಾನುವಾರ ಇನ್ನೊಂದು ಅನಾಹುತವಾಯಿತು. ಲವೋನ್ ಹೆದ್ದಾರಿಗೆಂದು ತರಿಸಿದ್ದ ಎಂಟಡಿ ಪ್ಲೈವುಡ್ಡಿನ ದೊಡ್ಡ ಬೋರ್ಡೊಂದು ಕಾಣೆಯಾಗಿತ್ತು. ಹುಡುಕುತ್ತ ಹೋದಾಗ ಅದು ಕಾಡಿನಲ್ಲಿ, ಓಕ್ ಮರದ ಮೇಲೆ ಸಿಕ್ಕಿತು. ಆಕೆಯ ಗಂಡ ಹಾರ್ಲನ್ ಜಿಂಕೆ ಬೇಟೆಯ ತನ್ನ ಅಟ್ಟಣಿಗೆಗೆ ಅದನ್ನು ನೆಲಹಾಸು ಮಾಡಿಕೊಂಡಿದ್ದ. ಮುಖ ಮೇಲಾಗಿಯೇ ಹಾಸಿದ್ದ. ಹಲ್ಲು ಬಿಟ್ಟು ನಗುತ್ತಿದ್ದ ಲಿಂಡ್‌ಕ್ವಿಸ್ಟ್‌ನ ಎರಡು ಕೆನ್ನೆಗಳ ಮೇಲೂ ಬೂಟಿನ ಗುರುತಿತ್ತು.

ಸಂಜೆ ಐದಕ್ಕೆ ಹಾರ್ಲನ್ ಒಂದು ಚೀಲ, ಒಂದು ದಿಂಬು ಹಿಡಿದು ಎಲ್ಡನ್‌ನ ಬಾಗಿಲಲ್ಲಿ ನಿಂತಿದ್ದ.

"ನಿನ್ನಕ್ಕ ಹೊರಗೆ ಹಾಕಿದ್ಲು. ನಾಳೆ ಸರಿಹೋಗ್ತಾಳೆ. ಒಂದು ರಾತ್ರಿ ನೆಲಮಾಳಿಗೇಲಿ ಮಲಗ್ಲಾ?"

"ಹೌದಲ್ವಾ," ಎಂದ ಎಲ್ಡನ್.

ನಾಳೆ ಆಕೆ ಸರಿಹೋಗಲಿಲ್ಲ. ನಾಡಿದ್ದೂ ಇಲ್ಲ. ಹಾರ್ಲನ್ ಮಾತ್ರ ದಿನ ಬೆಳಗಾದರೆ, "ಇವತ್ತು ಹೇಗೂ ಹೊರಡ್ತೀನಿ," ಎನ್ನುತ್ತ ಎಲ್ಡನ್‌ನ ಮೊಟ್ಟೆ ಹುರಿದು ತಿನ್ನುತ್ತಿದ್ದ.

ಕಾರ್ಖಾನೆಯಲ್ಲಿ ಡ್ವೇನ್‌ನ ಪ್ರೀತಿ ಮಿತಿಮೀರತೊಡಗಿತು. ಹಾಲಿನ ತೊಟ್ಟಿಯ ಬಳಿ ಬಂದು ಹೆಗಲ ಮೇಲೆ ಕೈ ಹಾಕಿ, "ನಿನ್ನನ್ನ ನಾನು ಏನಾದ್ರೂ ಒತ್ತಾಯ ಮಾಡಿದ್ದೀನಾ?" ಎನ್ನುತ್ತಿದ್ದ.

"ಇಲ್ಲ."

"ಮಾಡೋದೂ ಇಲ್ಲ. ಮತ ಅನ್ನೋದು ಪವಿತ್ರ. ಅಂದ ಹಾಗೆ, ನವೆಂಬರಿಂದ ರಾತ್ರಿ ಪಾಳಿಗೆ ಒಬ್ಬರು ಬೇಕು. ಯಾರನ್ನ ಹಾಕೋದು ಅಂತ ಯೋಚಿಸ್ತಿದ್ದೀನಿ. ಆ ವಿಷಯಕ್ಕೂ ಈ ವಿಷಯಕ್ಕೂ ಸಂಬಂಧ ಇಲ್ಲ, ತಿಳ್ಕೋ."

ಲವೋನ್ ವಾರಕ್ಕೊಮ್ಮೆ ತರುತ್ತಿದ್ದ ಆಲೂಗಡ್ಡೆ ಮಾಂಸದ ಪಾತ್ರೆಯನ್ನು ಈಗ ದಿನ ಬಿಟ್ಟು ದಿನ ತರತೊಡಗಿದಳು. ಅಡುಗೆಮನೆಯ ಗೋಡೆ ಸವರುತ್ತ, "ಅವ್ವ ಈ ಬಣ್ಣ ಅವಳ ಕೈಯಾರೆ ಬಳಿದಿದ್ದು," ಎನ್ನುತ್ತಿದ್ದಳು. "ಸಾಯೋವಾಗ ಏನಂದ್ಲು ನೆನಪಿದೆಯಾ?"

"ಬೆನ್ನು ನೋಯುತ್ತೆ ಅಂದ್ಲು."

"ಅದಕ್ಕೆ ಮುಂಚೆ. ತಮ್ಮನನ್ನ ನೋಡ್ಕೋ ಅಂದ್ಲು. ನೋಡ್ಕೊಂಡಿಲ್ವಾ ನಾನು? ಈ ಮನೇನ ಮಾರು ಅಂತ ಎಷ್ಟು ಜನ ಕೇಳಿದ್ರು! ಮಾರಿದ್ನಾ?"

"ಇಲ್ಲ ಅಕ್ಕ."

"ಹಂಗೇ ಸುಮ್ನೆ ಹೇಳ್ದೆ. ತಿನ್ನು, ಆರಿಹೋಗುತ್ತೆ."

ಅವಳು ನೆಲಮಾಳಿಗೆಯ ಬಾಗಿಲತ್ತ ತಿರುಗಿಯೂ ನೋಡುತ್ತಿರಲಿಲ್ಲ. ಒಳಗಿನಿಂದ ಗಂಡನ ಕೆಮ್ಮು ಕೇಳಿದರೆ, "ನಿನ್ನ ಮನೇಲಿ ಹೆಗ್ಗಣ ಸೇರಿದೆ," ಎಂದು ಹೇಳಿ ಹೋಗುತ್ತಿದ್ದಳು.

ಎಲ್ಡನ್‌ಗೆ ಅನ್ನವೂ ಸೇರದು, ನಿದ್ದೆಯೂ ಬಾರದು ಎಂಬ ಸ್ಥಿತಿ. ಗುರುವಾರ ಅವನು ಅರ್ಧ ದಿನ ರಜೆ ಹಾಕಿ ಬರ್ನಡೀನ್‌ಳ ಕಚೇರಿಗೆ ಹೋದ. ಕಚೇರಿಯೆಂದರೆ ಅವಳ ಊಟದ ಕೋಣೆ.

"ನಾನು ಮತ ಹಾಕದೇ ಇದ್ರೆ?"

"ಬಾಗಿಲ ಮೇಲೆ ಸೊನ್ನೆ ಸೊನ್ನೆ ಅಂತ ಬರುತ್ತೆ."

"ಖಾಲಿ ಬಿಟ್ರೆ?"

"ಖಾಲಿ ಒಂದು ಅಂತ ಬರುತ್ತೆ."

"ಬೇರೆ ಯಾರದ್ದಾದ್ರೂ ಹೆಸರು ಬರೆದ್ರೆ?"

"ಅದೂ ಬರುತ್ತೆ. ನನ್ನ ಹೆಸರು ಮಾತ್ರ ಬರೀಬೇಡ, ಸತ್ತೋಗ್ತೀನಿ."

ಎಲ್ಡನ್ ಲೆಕ್ಕ ಹಾಕಿದ. ಆನೆಗೆ ಹಾಕಿದರೆ ರಾತ್ರಿ ಪಾಳಿ. ಕತ್ತೆಗೆ ಹಾಕಿದರೆ ಮನೆಯಿಲ್ಲ. ಹಾಕದಿದ್ದರೆ ಎರಡೂ.

"ನೀವು ಮೇಲಿನವರನ್ನ ಕೇಳಿ ಬರ್ನಡೀನ್. ಗುಟ್ಟಾಗಿ ಮತ ಹಾಕೋದು ಹಕ್ಕಲ್ವಾ?"

"ಕೇಳಿದೆ. ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕನೇ ಸಲ ಒಬ್ಬ ಸಿಕ್ಕಿದ. ಗಂಭೀರ ಸಮಸ್ಯೆ ಅಂದ. ಪರಿಹಾರ ಏನು ಅಂದೆ. ಆ ವಾರ್ಡಿಗೆ ಇನ್ನಷ್ಟು ಜನ ಹೋಗಿ ವಾಸ ಮಾಡಿದ್ರೆ ಒಳ್ಳೇದು ಅಂದ."

ಎಲ್ಡನ್‌ನ ಮುಖ ಅರಳಿತು. "ಯಾರನ್ನಾದ್ರೂ ಕರ್ಕೊಂಡು ಬಂದು ಇಟ್ಕೊಳ್ಳಾ?"

"ಇಪ್ಪತ್ತೆಂಟು ದಿನ ವಾಸ ಇರಬೇಕು." ಬರ್ನಡೀನ್ ಗೋಡೆಯ ಕ್ಯಾಲೆಂಡರ್ ನೋಡಿದಳು. "ಚುನಾವಣೆಗೆ ಇವತ್ತಿಗೆ ಇಪ್ಪತ್ತಾರು ದಿನ."

ಎಲ್ಡನ್ ಟೋಪಿ ಹಿಡಿದು ಎದ್ದುಹೋದ. ತನ್ನ ನೆಲಮಾಳಿಗೆಯಲ್ಲಿ ನಾಲ್ಕು ದಿನದಿಂದ ಒಬ್ಬ ಮನುಷ್ಯ ಗೊರಕೆ ಹೊಡೆಯುತ್ತಿದ್ದಾನೆಂಬುದು ಆ ಕ್ಷಣ ಅವನ ತಲೆಗೆ ಹೊಳೆಯಲಿಲ್ಲ. ದಿನವೂ ಇವತ್ತೇ ಹೊರಡ್ತೀನಿ ಎನ್ನುವವನನ್ನು ವಾಸ ಇರುವವನೆಂದು ಎಣಿಸುವ ಬುದ್ಧಿ ಎಲ್ಡನ್‌ನದಲ್ಲ.

ಅಕ್ಟೋಬರ್ ಕೊನೆಯ ಹೊತ್ತಿಗೆ ಪಶ್ಚಿಮ ಕ್ಷೇತ್ರದಲ್ಲಿ ಸಮ ಸಮ ಎಂದು ಎಲ್ಲ ಸಮೀಕ್ಷೆಗಳೂ ಹೇಳಿದವು. ಕೌಂಟಿಯ ವಾರಪತ್ರಿಕೆ "ಒಂಟಿ ಮತದಾರ" ಎಂದು ಎಲ್ಡನ್‌ನ ಚಿತ್ರ ಹಾಕಿತು. ಚಿತ್ರದಲ್ಲಿ ಅವನು ಪೊಲೀಸರಿಗೆ ಸಿಕ್ಕಿಬಿದ್ದವನಂತೆ ಕಾಣುತ್ತಿದ್ದ. ಮಾರನೇ ದಿನವೇ ಲಿಂಡ್‌ಕ್ವಿಸ್ಟ್‌ನ ಕಡೆಯವರು ಫೋನ್ ಮಾಡಿ, ಅಭ್ಯರ್ಥಿ ಶನಿವಾರ ಹತ್ತಕ್ಕೆ ಮನೆಗೆ ಬರಬಹುದೇ ಎಂದರು. ಎಲ್ಡನ್ ಹೌದಲ್ವಾ ಎಂದ. ಅರ್ಧ ಗಂಟೆಯ ಮೇಲೆ ಬ್ರಾಂಡ್‌ವೋಲ್‌ಳ ಕಡೆಯವರು ಅದೇ ಶನಿವಾರ, ಅದೇ ಹತ್ತಕ್ಕೆ ಕೇಳಿದರು. ಅವರಿಗೂ ಅದನ್ನೇ ಅಂದ.

ಶನಿವಾರ ಹಳ್ಳದ ಸೇತುವೆಯ ಮೇಲೆ ಕಾರುಗಳ ಸಾಲು ನಿಂತಿತು. ಎಲ್ಡನ್‌ನ ಪುಟ್ಟ ಅಡುಗೆಮನೆಯಲ್ಲಿ ಮೇಜಿನ ಈ ತುದಿಗೆ ಲಿಂಡ್‌ಕ್ವಿಸ್ಟ್, ಬೆನ್ನ ಹಿಂದೆ ಲವೋನ್. ಆ ತುದಿಗೆ ಬ್ರಾಂಡ್‌ವೋಲ್, ಬೆನ್ನ ಹಿಂದೆ ಡ್ವೇನ್. ಫ್ರಿಜ್ಜಿಗೆ ಒರಗಿ ಪತ್ರಿಕೆಯವಳು. ಕಿಟಕಿಯ ಹೊರಗೆ ಹದಿನಾರು ಮೂಗುಗಳು. ಒಬ್ಬರೂ ಕಾಫಿ ಕುಡಿಯುತ್ತಿರಲಿಲ್ಲ, ಮೊದಲು ಲೋಟ ಎತ್ತಿದವರು ಸೋತಂತೆ ಎಂದು ಯಾರೋ ಹೇಳಿಕೊಟ್ಟ ಹಾಗೆ.

"ನಿಮಗೆ ಏನು ಕೇಳಬೇಕೋ ಕೇಳಿ ಪಿಂಗೆಲ್ ಅವರೇ," ಎಂದರು ಇಬ್ಬರೂ ಒಟ್ಟಿಗೆ.

ಎಲ್ಡನ್‌ಗೆ ದೇಶದ ಬಗ್ಗೆ ಕೇಳಲು ಏನೂ ತೋಚಲಿಲ್ಲ. "ಪ್ರತಿ ಮಾರ್ಚಿನಲ್ಲಿ ಹಿಮ ಕರಗಿದಾಗ ರಸ್ತೆ ಕೆಳಗಿನ ಮೋರಿ ಕಟ್ಕೊಂಡು ನಮ್ಮ ನೆಲಮಾಳಿಗೆಗೆ ನೀರು ನುಗ್ಗುತ್ತೆ. ಅದಕ್ಕೆ ಯಾರನ್ನ ಕೇಳ್ಬೇಕು?"

ಲಿಂಡ್‌ಕ್ವಿಸ್ಟ್ ಎಂಟು ನಿಮಿಷ ಮಾತಾಡಿದ. ಮೋರಿಯಿಂದ ಶುರುವಾಗಿ ತೆರಿಗೆಗೆ ಹೋಗಿ ಗಡಿಗೆ ಮುಟ್ಟಿ ದೇವರಲ್ಲಿ ಮುಗಿಯಿತು. ಬ್ರಾಂಡ್‌ವೋಲ್ ಒಂಬತ್ತು ನಿಮಿಷ ತೆಗೆದುಕೊಂಡಳು. ಆಕೆಯದು ಮೋರಿಯಿಂದ ಹವಾಮಾನಕ್ಕೆ ಹಾರಿ, ಆಸ್ಪತ್ರೆಗಳನ್ನು ಸುತ್ತಿ, ಮೊಮ್ಮಕ್ಕಳ ಭವಿಷ್ಯದಲ್ಲಿ ಮುಗಿಯಿತು. ಎಲ್ಡನ್‌ಗೆ ಮೊಮ್ಮಕ್ಕಳಿರಲಿಲ್ಲ, ಮಕ್ಕಳೇ ಇರಲಿಲ್ಲ.

ಅಷ್ಟರಲ್ಲಿ ನೆಲಮಾಳಿಗೆಯ ಬಾಗಿಲು ತೆರೆದು ಹಾರ್ಲನ್ ಮೇಲೆ ಬಂದ. ಉಣ್ಣೆಯ ಒಳಚಡ್ಡಿ, ಕೈಯಲ್ಲಿ ಖಾಲಿ ಲೋಟ. ಎಲ್ಲರನ್ನೂ ನಿಧಾನವಾಗಿ ನೋಡಿ ಲಿಂಡ್‌ಕ್ವಿಸ್ಟ್‌ನ ಕೈ ಕುಲುಕಿದ.

"ನೀವೇನಾ? ನಿಮ್ಮ ಮುಖ ತುಂಬಾ ಗಟ್ಟಿ ಸ್ವಾಮಿ. ಎರಡು ದಿನ ಅದರ ಮೇಲೆ ನಿಂತಿದ್ದೆ, ಒಂಚೂರೂ ಬಾಗಲಿಲ್ಲ."

ಲವೋನ್‌ಳ ಮುಖ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತು. ಹಾರ್ಲನ್ ಕಾಫಿ ತುಂಬಿಸಿಕೊಂಡು ಕೆಳಗಿಳಿದ. ಸಭೆ ತಾನಾಗಿ ಮುಗಿಯಿತು.

ಎಲ್ಲರೂ ಹೋದ ಮೇಲೆ, ಐದು ನಿಮಿಷ ಬಿಟ್ಟು, ಬಾಗಿಲು ಬಡಿದ ಸದ್ದಾಯಿತು. ಇಬ್ಬರು ಅಭ್ಯರ್ಥಿಗಳಲ್ಲಿ ಒಬ್ಬರು ಮರೆತ ಕೈಗವಸಿಗಾಗಿ ಒಂಟಿಯಾಗಿ ಹಿಂದಿರುಗಿದ್ದರು. ಯಾರೆಂದು ಹೇಳುವಂತಿಲ್ಲ, ಲವೋನ್ ಇದನ್ನು ಓದುವ ಸಂಭವವಿದೆ. ಬಹುವಚನ ಹಾಕಿದರೆ ಗಂಡೋ ಹೆಣ್ಣೋ ತಿಳಿಯದಿರುವ ಸೌಕರ್ಯ ನಮ್ಮ ಭಾಷೆಯಲ್ಲಿರುವಾಗ ಬಳಸಿಕೊಳ್ಳದಿರುವುದು ಪೆದ್ದತನ.

ಅವರು ಕೈಗವಸು ತೆಗೆದುಕೊಂಡು, ಹೊಸ್ತಿಲಲ್ಲಿ ನಿಂತು, ಸ್ವಲ್ಪ ಹಿಂಜರಿದು ಹೇಳಿದರು. "ಪಿಂಗೆಲ್ ಅವರೇ, ಆಗ ನಾನು ಏನೇನೋ ಬಡಬಡಿಸಿದೆ. ನಿಜ ಹೇಳ್ಲಾ? ನಿಮ್ಮ ಮೋರಿ ವಿಚಾರ ನಂಗೆ ಗೊತ್ತಿಲ್ಲ. ನಾನು ಗೆದ್ರೂ ಅದನ್ನ ಸರಿ ಮಾಡೋದು ನನ್ನ ಕೈಲಿಲ್ಲ. ಕೌಂಟಿಯ ರಸ್ತೆ ಕಚೇರಿಗೆ ಫೋನ್ ಮಾಡಿ."

ಎಲ್ಡನ್ ಬಾಗಿಲು ಹಾಕಿಕೊಂಡ. ಗೊತ್ತಿಲ್ಲ ಎಂದು ತನ್ನ ಮನೆಯೊಳಗೆ ನಿಂತು ಹೇಳಿದ ಮೊದಲ ಮನುಷ್ಯರು ಅವರು. ಎದೆಯೊಳಗೆ ಏನೋ ಒಂದು ಗಟ್ಟಿಯಾಗಿ ಕೂತ ಹಾಗಾಯಿತು. ಅಜೀರ್ಣವೆಂದು ತಿಳಿದು ಸೋಡಾ ಕುಡಿದ. ಸೋಡಾದಿಂದ ಅದು ಇಳಿಯಲಿಲ್ಲ. ಮೂರು ದಿನ ಕಳೆದ ಮೇಲೆ, ಮಂಗಳವಾರ ಚೀಸ್ ತೂಗುತ್ತಿರುವಾಗ, ಅದು ಅಜೀರ್ಣವಲ್ಲ, ಅಭಿಪ್ರಾಯ ಎಂದು ಅವನಿಗೆ ತಿಳಿಯಿತು.

ತಿಳಿದ ಮೇಲೆ ಭಯ ಇಮ್ಮಡಿಯಾಯಿತು. ಅಭಿಪ್ರಾಯವಿಲ್ಲದವನು ಯಾವ ಕಡೆ ಬಿದ್ದರೂ ಬಿದ್ದ. ಅಭಿಪ್ರಾಯ ಇದ್ದವನಿಗೆ ಬೀಳುವ ಕಡೆ ಮೊದಲೇ ಕಾಣಿಸುತ್ತದೆ. ಮುಂದಿನ ಒಂದು ವಾರದಲ್ಲಿ ಎಲ್ಡನ್ ಅಟ್ಟದಿಂದ ಸೂಟ್‌ಕೇಸ್ ಇಳಿಸಿದ, ಮತ್ತೆ ಹತ್ತಿಸಿದ, ಮತ್ತೆ ಇಳಿಸಿದ.

ಚುನಾವಣೆಯ ದಿನ ಪಾಳಿ ಮುಗಿಸಿ ಐದು ಗಂಟೆಗೆ ಅವನು ಸಭಾಭವನಕ್ಕೆ ಹೋದ. ಊರಿನವರ ಮತದಾನ ಮಧ್ಯಾಹ್ನಕ್ಕೇ ಮುಗಿದಿತ್ತು, ಆದರೆ ಒಬ್ಬರೂ ಮನೆಗೆ ಹೋಗಿರಲಿಲ್ಲ. ಗೋಡೆಗುಂಟ ಮಡಚುಕುರ್ಚಿ ಹಾಕಿಕೊಂಡು ಕೂತಿದ್ದರು. ಪಕ್ಷದ ವೀಕ್ಷಕರೆಂದು ಎದೆಗೆ ಚೀಟಿ ಅಂಟಿಸಿಕೊಂಡು ಎಣಿಸುವ ಯಂತ್ರದ ಬಲಕ್ಕೆ ಲವೋನ್, ಎಡಕ್ಕೆ ಡ್ವೇನ್.

ಬರ್ನಡೀನ್ ಬೀಗ ಹಾಕಿದ ಪೆಟ್ಟಿಗೆಯಿಂದ ಮತದ ಹಾಳೆಗಳಿದ್ದ ಬೇರೆ ಲಕೋಟೆಯೊಂದನ್ನು ತೆಗೆದಳು. "ನಾಲ್ಕನೇ ವಾರ್ಡು," ಎಂದು ಕೂಗಿದಳು. ಅವನು ಎದುರಿಗೇ ನಿಂತಿದ್ದ.

ಮತ ಹಾಕುವ ಮರೆಯೊಳಗೆ ಹೋಗಿ ಎಲ್ಡನ್ ಪೆನ್ನು ಹಿಡಿದ. ಬೇಕಾದ ಹೆಸರಿನ ಮುಂದಿನ ವೃತ್ತ ತುಂಬಿದ. ಹೊರಗೆ ಲವೋನ್ ಗಂಟಲು ಸರಿಪಡಿಸಿಕೊಂಡಳು. ಎಲ್ಡನ್ ಸರ್ರನೆ ಅತ್ತ ತಿರುಗಿದ. ಪೆನ್ನು ಇನ್ನೊಂದು ವೃತ್ತದ ಮೇಲೆಯೂ ಹಾಯಿತು. ಏನಾಯಿತೆಂದು ನೋಡದೆಯೇ ತಂದು ಯಂತ್ರಕ್ಕೆ ಕೊಟ್ಟ.

ಯಂತ್ರ ಹಾಳೆಯನ್ನು ನುಂಗಿ, ಯೋಚಿಸಿ, ಕೀಂ ಎಂದು ಕಿರುಚಿ ಹೊರಗುಗುಳಿತು.

ಬರ್ನಡೀನ್ ಪರದೆ ಓದಿದಳು. "ಒಂದೇ ಸ್ಥಾನಕ್ಕೆ ಇಬ್ಬರು."

"ಇಬ್ಬರಿಗೂ ಹಾಕಿದ್ದಾನೆ!" ಎಂದಿತು ಗೋಡೆ.

"ಸದ್ದು!" ಎಂದಳು ಬರ್ನಡೀನ್. "ಎಲ್ಡನ್, ಇದನ್ನ ರದ್ದು ಮಾಡಿ ಇನ್ನೊಂದು ಕೊಡ್ತೀನಿ. ಕಾನೂನಿನ ಪ್ರಕಾರ ಒಟ್ಟು ಮೂರು ಹಾಳೆ."

ಎರಡನೇ ಹಾಳೆ ಮರೆಯಿಂದ ಹೊರಗೆ ಬರಲೇ ಇಲ್ಲ. ಬೆವರಿದ ಅಂಗೈಗೆ ಅಂಟಿಕೊಂಡು ಅಡ್ಡಡ್ಡ ಹರಿಯಿತು. ಹರಿದ ಸದ್ದು ಭವನದ ಮೂಲೆಮೂಲೆಗೂ ಕೇಳಿಸಿತು.

"ಮೂರನೇದು," ಎಂದಳು ಬರ್ನಡೀನ್ ಮೆಲ್ಲಗೆ. "ಕೊನೇದು. ನಿಧಾನ."

ಎಲ್ಡನ್ ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡ. ಹೊಸ್ತಿಲಲ್ಲಿ ಕೈಗವಸು ಹಿಡಿದು ನಿಂತವರನ್ನು ನೆನೆದ. ವೃತ್ತ ತುಂಬಿದ, ಒಂದೇ. ಯಂತ್ರ ಹಾಳೆಯನ್ನು ನುಂಗಿತು. ಈ ಸಲ ಕಿರುಚಲಿಲ್ಲ.

ಅವನು ಹೊರಗೆ ಹೋಗಲು ಬಾಗಿಲತ್ತ ತಿರುಗಿದ, ಕಾಗದ ಅಂಟಿಸುವ ಬಾಗಿಲೂ ಅದೇ ಎಂದು ನೆನಪಾಗಿ ನಿಂತ. ಯಾರೋ ಕುರ್ಚಿ ಕೊಟ್ಟರು. ಇನ್ನು ಮೂರು ಗಂಟೆಗಳಲ್ಲಿ ಮತದಾನ ಮುಗಿಯುತ್ತದೆ. ಆಮೇಲೆ ಬಾಗಿಲಿಗೆ ಕಾಗದ. ಆಮೇಲೆ ಸೂಟ್‌ಕೇಸ್. ಲವೋನ್ ಅವನತ್ತ ನೋಡಿ ನಕ್ಕಳು. ಡ್ವೇನ್ ಅವನತ್ತ ನೋಡಿ ಕಣ್ಣು ಹೊಡೆದ. ಎಲ್ಡನ್ ನೆಲ ನೋಡಿದ. ಆರಾಯಿತು, ಏಳಾಯಿತು. ಯಾರೂ ಏಳಲಿಲ್ಲ.

ಎಂಟಕ್ಕೆ ಇಪ್ಪತ್ತು ನಿಮಿಷ ಇರುವಾಗ ಬಾಗಿಲು ತೆರೆದು ತಣ್ಣನೆಯ ಗಾಳಿಯ ಜೊತೆ ಹಾರ್ಲನ್ ಬಂದ. ಬೇಟೆಯ ಕಿತ್ತಳೆ ಕೋಟು ಹಾಕಿದ್ದ. ಸೀದಾ ಬರ್ನಡೀನ್‌ಳ ಮೇಜಿಗೆ ಹೋದ.

"ಹೆಸರು ಬರೆಸ್ಬೇಕು. ವಿಳಾಸ ಬದಲಾಗಿದೆ."

"ಎಲ್ಲಿಗೆ?"

"ಹಳ್ಳದಾಚೆ. ಎಲ್ಡನ್‌ನ ನೆಲಮಾಳಿಗೆ."

ಮಡಚುಕುರ್ಚಿಗಳೆಲ್ಲ ಒಟ್ಟಿಗೆ ಕಿರುಗುಟ್ಟಿದವು. ಬರ್ನಡೀನ್ ಪೆನ್ನಿನ ಮುಚ್ಚಳ ತೆಗೆದಳು. "ಎಷ್ಟು ದಿನದಿಂದ?"

"ಇವತ್ತಿಗೆ ಮೂವತ್ತು."

"ದಾಖಲೆ?"

ಹಾರ್ಲನ್ ಚಾಲನಾ ಪರವಾನಗಿಯ ಜೊತೆ ಜಿಂಕೆ ಬೇಟೆಯ ಹೊಸ ಪರವಾನಗಿಯನ್ನೂ ಮೇಜಿನ ಮೇಲಿಟ್ಟ. ಸರ್ಕಾರದ ಮುದ್ರೆ, ಎಲ್ಡನ್‌ನ ವಿಳಾಸ. "ಅಂಚೇಲಿ ಬರುತ್ತಲ್ಲ, ಲವೋನ್ ಕೈಗೆ ಸಿಕ್ಕಿದ್ರೆ ಒಲೆಗೆ ಹಾಕ್ತಾಳೆ ಅಂತ ಅಲ್ಲಿಗೆ ಹಾಕಿಸ್ಕೊಂಡಿದ್ದೆ."

"ನನ್ನ ಆಕ್ಷೇಪಣೆ ಇದೆ!" ಲವೋನ್ ಎದ್ದು ನಿಂತಳು. "ಅವನು ನನ್ನ ಗಂಡ. ಮೂವತ್ತೊಂದು ವರ್ಷದಿಂದ ನನ್ನ ಮನೇಲಿ ಇರೋನು. ಅದೇ ಅವನ ಮನೆ!"

ಬರ್ನಡೀನ್ ಕನ್ನಡಕದ ಮೇಲಿನಿಂದ ನೋಡಿದಳು. "ಹಾಗಾದ್ರೆ ಇವತ್ತು ಮನೆಗೆ ಕರ್ಕೊಂಡು ಹೋಗ್ತೀಯಾ?"

ಬರ್ನಡೀನ್ ಖಾಲಿ ಕಾಗದವೊಂದನ್ನು ಮೇಜಿನ ತುದಿಗೆ ತಳ್ಳಿದಳು.

"ಕರ್ಕೊಂಡು ಹೋಗ್ತೀನಿ ಅಂತ ಈ ಕಾಗದದ ಮೇಲೆ ಬರ್ಕೊಡು, ಲವೋನ್. ಆಕ್ಷೇಪಣೆ ಒಪ್ಕೋತೀನಿ."

ಲವೋನ್ ಗಂಡನನ್ನು ನೋಡಿದಳು. ಅವನ ಬೂಟುಗಳನ್ನು ನೋಡಿದಳು. ಅವೇ ಬೂಟುಗಳು.

"ಇಲ್ಲ," ಎಂದು ಕೂತಳು.

"ಹಾಗಾದ್ರೆ ಅವನು ಅಲ್ಲೇ ವಾಸ," ಎಂದು ಬರ್ನಡೀನ್ ಮುದ್ರೆ ಒತ್ತಿದಳು.

ಹಾರ್ಲನ್ ಮರೆಯೊಳಗೆ ಅರ್ಧ ನಿಮಿಷವೂ ಇರಲಿಲ್ಲ. ಯಂತ್ರ ಅವನ ಹಾಳೆಯನ್ನೂ ನುಂಗಿತು. ಎಂಟಕ್ಕೆ ಬಾಗಿಲು ಮುಚ್ಚಿತು, ಎಂಟೂಕಾಲಿಗೆ ಬರ್ನಡೀನ್ ಯಂತ್ರದ ಉದ್ದನೆಯ ಪಟ್ಟಿ ಹರಿದು ಬಾಗಿಲಿಗೆ ಅಂಟಿಸಿದಳು. ಜನ ಒಬ್ಬರ ಮೇಲೊಬ್ಬರು ಬಿದ್ದು ನೋಡಿದರು.

ನಾಲ್ಕನೇ ವಾರ್ಡು. ಲಿಂಡ್‌ಕ್ವಿಸ್ಟ್ ಒಂದು. ಬ್ರಾಂಡ್‌ವೋಲ್ ಒಂದು.

ಮೊದಲು ಮಾತು ಬಂದದ್ದು ಲವೋನ್‌ಗೆ. ಅವಳು ತಮ್ಮನನ್ನು ಎಳೆದು ಅಪ್ಪಿಕೊಂಡಳು, ಅವನ ಪಕ್ಕೆಲುಬು ಕಟಕ್ಕೆಂದಿತು. "ನಂಗೊತ್ತಿತ್ತು ಪುಟ್ಟಾ! ಅವ್ವನ ಮಗ ನೀನು!" ಅವನ ಹೆಗಲ ಮೇಲಿನಿಂದ ಗಂಡನನ್ನು ಸುಡುವಂತೆ ನೋಡಿದಳು. "ನನ್ನ ಮೇಲಿನ ಸಿಟ್ಟಿಗೆ ಕತ್ತೆಗೆ ಹಾಕಿದ್ಯಾ? ಇರು ಅಲ್ಲೇ, ನೆಲಮಾಳಿಗೇಲೇ ಸಾಯಿ!"

ಅವಳು ಬಿಡುತ್ತಲೇ ಡ್ವೇನ್ ಹಿಡಿದುಕೊಂಡ. ಎಲ್ಡನ್‌ನ ಬೆನ್ನಿಗೆ ನಾಲ್ಕು ಗುದ್ದಿ ಕಿವಿಯಲ್ಲಿ ಪಿಸುಗುಟ್ಟಿದ. "ಹಾರ್ಲನ್ ಹುಟ್ಟಾ ಆನೆ, ಯಾರಿಗೆ ಗೊತ್ತಿಲ್ಲ? ಅಂದ್ಮೇಲೆ ಇನ್ನೊಂದು ನಿಂದು. ಭಪ್ಪರೆ! ಅಕ್ಕನ ಮುಂದೆ ಏನೂ ಹೇಳ್ಬೇಡ, ನಾನೂ ಹೇಳೋಲ್ಲ. ರಾತ್ರಿ ಪಾಳಿಗೆ ಬೇರೆಯವನನ್ನ ಹಾಕ್ತೀನಿ."

ಪಶ್ಚಿಮದ ಕ್ಷೇತ್ರವನ್ನು ಗೆದ್ದವರು ಮೂರು ಸಾವಿರ ಚಿಲ್ಲರೆ ಮತಗಳಿಂದ ಗೆದ್ದರು. ವೆಂಜೆಲ್‌ನಲ್ಲಿ ಆ ಸುದ್ದಿಯನ್ನು ಯಾರೂ ಸರಿಯಾಗಿ ಕೇಳಿಸಿಕೊಳ್ಳಲೂ ಇಲ್ಲ.

ಎಲ್ಡನ್ ಉಳಿದುಕೊಂಡ. ಮನೆ ಉಳಿಯಿತು, ಹಗಲು ಪಾಳಿ ಉಳಿಯಿತು, ಬೌಲಿಂಗ್ ತಂಡವೂ ಉಳಿಯಿತು. ಆದರೆ ಎದೆಯಲ್ಲಿ ಕೂತ ಆ ಗಟ್ಟಿ ವಸ್ತು ಇನ್ನೂ ಅಲ್ಲೇ ಇತ್ತು, ಈಗ ಹೊರಗೆ ಬರಬೇಕೆಂದು ಒದೆಯುತ್ತಿತ್ತು. ಜೀವಮಾನದಲ್ಲಿ ಮೊದಲ ಬಾರಿಗೆ ತಾನಾಗಿ ಒಂದು ತೀರ್ಮಾನ ಮಾಡಿದ್ದ. ಮೂರು ಹಾಳೆ ಖರ್ಚು ಮಾಡಿ ಮಾಡಿದ್ದ. ಅದನ್ನು ಒಬ್ಬರಿಗಾದರೂ ಹೇಳದೆ ಹೇಗಿರುವುದು?

ಗುರುವಾರ ಲವೋನ್ ಪಾತ್ರೆ ತಂದಾಗ ಎಲ್ಡನ್ ಧೈರ್ಯ ತಂದುಕೊಂಡು, "ಅಕ್ಕ, ನಾನು ಯಾರಿಗೆ ಹಾಕ್ದೆ ಅಂದ್ರೆ," ಎಂದ.

"ಅದೇನು ಹೇಳೋದು? ಬಾಗಿಲ ಮೇಲೇ ಬರೆದಿತ್ತಲ್ಲ," ಎಂದು ಅವಳು ಅವನ ಬಾಯಿಗೆ ಆಲೂಗಡ್ಡೆ ತುರುಕಿದಳು.

ಕಾರ್ಖಾನೆಯಲ್ಲಿ ಡ್ವೇನ್, "ಶ್! ಗುಟ್ಟು ಗುಟ್ಟಾಗೇ ಇರ್ಲಿ," ಎಂದು ಕಣ್ಣು ಹೊಡೆದು ಓಡಿಹೋದ. ಬರ್ನಡೀನ್‌ಳ ಮನೆಗೆ ಹೋದರೆ ಆಕೆ ಎರಡು ಕಿವಿಗೂ ಬೆರಳಿಟ್ಟುಕೊಂಡು, "ನಾನು ಪ್ರಮಾಣ ಮಾಡಿದವಳು!" ಎಂದು ಕೂಗಿ ಬಾಗಿಲು ಹಾಕಿಕೊಂಡಳು. ಶುಕ್ರವಾರ ಮೀನಿನೂಟಕ್ಕೆ ಅವನು ಎದ್ದು ನಿಂತು, "ಕೇಳ್ರಪ್ಪಾ," ಎಂದಾಗ ಅರ್ಧ ಅಂಗಡಿ ಆನೆಗೆ ಜೈ ಎಂದಿತು, ಅರ್ಧ ಅಂಗಡಿ ಕತ್ತೆಗೆ ಜೈ ಎಂದಿತು. ಅವನ ದನಿ ಅದರಡಿ ಹೂತುಹೋಯಿತು. ಎಲ್ಲರಿಗೂ ಆಗಲೇ ಗೊತ್ತಿತ್ತು. ಗೊತ್ತಿದ್ದವರಿಗೆ ಹೇಳುವುದೇನು?

ಶನಿವಾರ ಬೆಳಿಗ್ಗೆ ಹಾರ್ಲನ್ ಅಡುಗೆಮನೆಯಲ್ಲಿ ಮೊಟ್ಟೆ ಹುರಿಯುತ್ತಿದ್ದ. ಇವತ್ತು ಹೊರಡ್ತೀನಿ ಎನ್ನುವುದನ್ನು ಅವನು ನಿಲ್ಲಿಸಿ ನಾಲ್ಕು ದಿನವಾಗಿತ್ತು.

"ಹಾರ್ಲನ್," ಎಂದ ಎಲ್ಡನ್, ಕುರ್ಚಿಯ ತುದಿಯಲ್ಲಿ ಕೂತು. "ನಾನು ಯಾರಿಗೆ ಹಾಕ್ದೆ ಅಂತ ಹೇಳ್ಲಾ?"

"ಹೇಳು."

ಇಷ್ಟು ಸುಲಭವಾಗಿ ಯಾರಾದರೂ ಹೇಳು ಎನ್ನುತ್ತಾರೆಂದು ಎಲ್ಡನ್ ಎಣಿಸಿರಲಿಲ್ಲ. ಕುರ್ಚಿಯಿಂದ ಅರ್ಧ ಎದ್ದು ಆ ಹೆಸರು ಹೇಳಿದ.

ಹಾರ್ಲನ್ ಬಾಣಲೆಯನ್ನು ಒಮ್ಮೆ ಅಲುಗಿಸಿದ. "ಹೂಂ. ನಾನು ಇನ್ನೊಬ್ಬರಿಗೆ. ನೀನು ಹಾಕಿದ್ದನ್ನ ನಾನು ಬಂದು ಅಳಿಸ್ದ ಹಾಗಾಯ್ತು. ನಾವಿಬ್ಬರೂ ಮನೇಲೇ ಬೆಚ್ಚಗೆ ಕೂತಿದ್ರೂ ದೇಶಕ್ಕೆ ಒಂದೇ ಆಗಿರೋದು."

ಇಬ್ಬರೂ ನಕ್ಕರು. ನಕ್ಕು ಮುಗಿಯುತ್ತಿದ್ದಂತೆ ಎಲ್ಡನ್ ಇದ್ದಕ್ಕಿದ್ದಂತೆ ನಗು ನಿಲ್ಲಿಸಿದ.

"ಅಲ್ಲ, ಅಂಥವರಿಗೆ ಯಾಕೆ ಹಾಕ್ದೆ?"

"ಯಾಕೆ ಅಂದ್ರೆ? ಒಳ್ಳೆಯವರು."

"ಏನು ಒಳ್ಳೆಯವರು? ಅವತ್ತು ಈ ಕುರ್ಚಿ ಮೇಲೆ ಕೂತು ಏನೇನು ಒದರಿದ್ರು, ಕೆಳಗೆ ಕೇಳಿಸ್ಲಿಲ್ವಾ ನಿಂಗೆ?"

"ನಿಮ್ಮೋರು ಏನು ಕಡಿಮೆ ಒದರಿದ್ರಾ?"

"ತಪ್ಪು!" ಎಲ್ಡನ್ ಮೇಜು ಗುದ್ದಿದ. ಗುದ್ದಿದ ಕೈಯನ್ನು ತಾನೇ ಬೆರಗಾಗಿ ನೋಡಿ, ಇನ್ನೊಮ್ಮೆ ಗುದ್ದಿದ. "ನೀನು ಹೇಳ್ತಿರೋದು ಪೂರ್ತಿ ತಪ್ಪು ಹಾರ್ಲನ್. ಕೂತ್ಕೋ. ಕೂತ್ಕೊಂಡು ಕೇಳು."

ಹಾರ್ಲನ್ ಕೂರಲಿಲ್ಲ. ಸಟ್ಟುಗವನ್ನೇ ಕತ್ತಿಯಂತೆ ಹಿಡಿದು ಎದುರು ನಿಂತ. ಒಂದು ಗಂಟೆಯ ಮೇಲೆ ಹಳ್ಳದ ಈಚೆ ನಾಯಿ ಓಡಾಡಿಸುತ್ತಿದ್ದವರಿಗೂ ಆ ಮನೆಯಿಂದ ಎರಡು ಗಂಟಲು ಕೇಳಿಸುತ್ತಿದ್ದವು. ಅವುಗಳಲ್ಲಿ ದೊಡ್ಡದು ಯಾರದ್ದೆಂದು ಊರಿನಲ್ಲಿ ಒಬ್ಬರಿಗೂ ಗುರುತು ಹತ್ತಲಿಲ್ಲ. ಬಾಣಲೆಯಲ್ಲಿ ಮೊಟ್ಟೆ ಎಂದೋ ಸೀದು ಕರಿಯಾಗಿ ಹೊಗೆಯಾಡುತ್ತಿತ್ತು.